ವರ್ಷನ್ ನಂಬರ್ ದೊಡ್ಡದಾದರೆ ತಂತ್ರಾಂಶ ಒಳ್ಳೆಯದೇ?

2018ರಲ್ಲಿ ನಡೆದ ಮಾತು. ನಮ್ಮೂರ ಜಾತ್ರೆಯ ಕರಪತ್ರ ಮಾಡಿಕೊಡುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ದುಡ್ಡು ಕೊಟ್ಟು ತಂತ್ರಾಂಶ ಕೊಳ್ಳುವ ಶಕ್ತಿ ನಮಗಿರಲಿಲ್ಲ. ಇಂಕ್‌ಸ್ಕೇಪ್ ಎಂಬ ಉಚಿತ, ಮುಕ್ತ ತಂತ್ರಾಂಶದಲ್ಲಿ ತೇರು, ಕಳಸ, ಕಾರ್ಯಕ್ರಮದ ಪಟ್ಟಿ ಎಲ್ಲ ಜೋಡಿಸಿ, ಲ್ಯಾಪ್‌ಟಾಪ್ ಎತ್ತಿಕೊಂಡು ಹೋಬಳಿಯ ಪ್ರಿಂಟಿಂಗ್ ಪ್ರೆಸ್ಸಿಗೆ ಹೋದೆವು.

ಪ್ರೆಸ್ಸಿನ ಯಜಮಾನರು ಪರದೆ ನೋಡಿದವರೇ ಕೇಳಿದರು: "ಏನ್ರಪ್ಪಾ ಇದು, ಸೊನ್ನೆ ಪಾಯಿಂಟ್ ತೊಂಬತ್ತೆರಡಾ? ಇನ್ನೂ ಒಂದೂ ಆಗಿಲ್ವಲ್ಲ! ಇಂಥದ್ರಲ್ಲಿ ಮಾಡಿರೋ ಫೈಲು ನಮ್ ಮಿಷನ್‌ಗೆ ಬಂದ್ರೆ ಏನಾಗುತ್ತೋ ಏನೋ."

ನಮ್ಮ ಬಾಯಿ ಕಟ್ಟಿಹೋಯಿತು. ಅಲ್ಲಿ ಕಾಣುತ್ತಿದ್ದದ್ದು ನಿಜಕ್ಕೂ 0.92 ಎಂದೇ. ಕರಪತ್ರ ಚೆನ್ನಾಗಿಯೇ ಅಚ್ಚಾಯಿತು, ಜಾತ್ರೆಯೂ ಮುಗಿಯಿತು. ಆದರೆ ಅವರು ಕೇಳಿದ ಪ್ರಶ್ನೆ ಮಾತ್ರ ನಮ್ಮ ತಲೆಯಲ್ಲೇ ಉಳಿಯಿತು. ತಂತ್ರಾಂಶದ ಮುಂದಿರುವ ಆ ಸಂಖ್ಯೆ ಅದರ ಗುಣವನ್ನು ಹೇಳುತ್ತದೆಯೇ? ಹೇಳದಿದ್ದರೆ ಮತ್ತೇನನ್ನು ಹೇಳುತ್ತದೆ? ಉತ್ತರ ಹುಡುಕುತ್ತಾ ಹೋದಾಗ ಸಿಕ್ಕ ಚರಿತ್ರೆಯನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇವೆ. ನಿಮ್ಮ ಕೈಯಲ್ಲಿರುವ ಫೋನಿಗೂ ಈ ಕಥೆಗೂ ನೇರ ಸಂಬಂಧ ಇದೆ.

ಹೆಲ್ಸಿಂಕಿಯ ಹುಡುಗ, 0.01

1991ರ ಆಗಸ್ಟ್ 25. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್, ತಾನೊಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದೇನೆ ಎಂದು ಗಣಕಾಸಕ್ತರಿಗೆ ತಿಳಿಸಿದರು. ಮರುತಿಂಗಳು ಹೊರಬಂದದ್ದು ಲಿನಕ್ಸ್ 0.01. ಸುಮಾರು 10 ಸಾವಿರ ಸಾಲುಗಳ ಕೋಡ್. ಸೊನ್ನೆಯಿಂದ ಶುರು ಮಾಡಿದ್ದಕ್ಕೆ ಅರ್ಥವಿತ್ತು: ಇದು ಇನ್ನೂ ಬೇಯುತ್ತಿರುವ ಅನ್ನ, ಬಡಿಸುವ ಹೊತ್ತಾಗಿಲ್ಲ.

1992ರ ಜನವರಿಗೆ 0.12 ಬಂತು. ಅದಾದ ಮೇಲೆ 0.13 ಬರಬೇಕಿತ್ತು. ಬರಲಿಲ್ಲ. ಮಾರ್ಚ್‌ನಲ್ಲಿ ನೇರವಾಗಿ 0.95 ಬಂತು! ಕೆಲಸ ಬಹುತೇಕ ಮುಗಿಯಿತು, ಇನ್ನೇನು 1.0 ಬಂದೇಬಿಟ್ಟಿತು ಎಂದು ಟೊರ್ವಾಲ್ಡ್ಸ್ ಲೆಕ್ಕ ಹಾಕಿದ್ದರು. ಆದರೆ ಒಂದು ಗಣಕದಿಂದ ಇನ್ನೊಂದಕ್ಕೆ ಮಾತಾಡಿಸುವ ನೆಟ್‌ವರ್ಕ್ ಭಾಗ ಬಹಳ ಸತಾಯಿಸಿತು. 1992ರ ಡಿಸೆಂಬರ್‌ಗೆ 0.99 ತಲುಪಿದ ಮೇಲೆ ಮುಂದೆ ಹೋಗಲು ಸಂಖ್ಯೆಯೇ ಉಳಿಯಲಿಲ್ಲ. 0.99ರ ಪಕ್ಕಕ್ಕೆ ತೇಪೆಯ ಸಂಖ್ಯೆ ಸೇರಿಸಿದರು. ಅದು 15ರವರೆಗೆ ಬೆಳೆಯಿತು. ಅದೂ ಸಾಲದೆ ಇಂಗ್ಲಿಷ್ ಅಕ್ಷರಗಳು ಅಂಟಿಕೊಂಡವು. ಕೊನೆಗೆ 1994ರ ಮಾರ್ಚ್ 14ರಂದು 1.0 ಬಂತು. ಆಗ ಕೋಡ್ 1 ಲಕ್ಷ 76 ಸಾವಿರ ಸಾಲು ದಾಟಿತ್ತು.

ಗಮನಿಸಿ. ಸಂಖ್ಯೆಯ ಲೆಕ್ಕದಲ್ಲಿ 0.12ರಿಂದ 0.95ಕ್ಕೆ ಎಂಬತ್ತಮೂರು ಮೆಟ್ಟಿಲು. ಅದನ್ನು ಎರಡೇ ತಿಂಗಳಲ್ಲಿ ಹಾರಿದರು. 0.95ರಿಂದ 1.0ಕ್ಕೆ ಐದೇ ಮೆಟ್ಟಿಲು. ಅದನ್ನು ಹತ್ತಲು ಎರಡು ವರ್ಷ ಹಿಡಿಯಿತು. ಆ ಸಂಖ್ಯೆ ಕೆಲಸವನ್ನು ಅಳೆಯುತ್ತಿರಲಿಲ್ಲ, ಬರೆಯುವವನ ಅಂದಾಜನ್ನು ಹೇಳುತ್ತಿತ್ತು. ಮನೆ ಕಟ್ಟಿಸುವಾಗ ಮೇಸ್ತ್ರಿ "ಇನ್ನೊಂದೇ ವಾರ" ಎನ್ನುತ್ತಾನಲ್ಲ, ಹಾಗೆ.

ಸಮ ಸಂಖ್ಯೆ, ಬೆಸ ಸಂಖ್ಯೆ

1.0 ಆದ ಮೇಲೆ ಲಿನಕ್ಸ್ ಬಳಗ ಒಂದು ಒಳ್ಳೆಯ ಕಟ್ಟಳೆ ಮಾಡಿಕೊಂಡಿತು. ಎರಡನೆಯ ಅಂಕಿ ಸಮ ಇದ್ದರೆ ಅದು ಎಲ್ಲರೂ ನಂಬಿ ಬಳಸುವ ಆವೃತ್ತಿ. ಬೆಸ ಇದ್ದರೆ ಅದು ಪ್ರಯೋಗದ ಆವೃತ್ತಿ. 1.2, 2.0, 2.2, 2.4 ಎಲ್ಲ ಬಡಿಸುವ ಅಡುಗೆ. 1.3, 2.1, 2.3, 2.5 ಎಲ್ಲ ಒಲೆಯ ಮೇಲಿನದು. ಈ ಕಾಲದಲ್ಲಿ ಸಂಖ್ಯೆ ನಿಜಕ್ಕೂ ಒಂದಿಷ್ಟು ಗುಣವನ್ನು ಹೇಳುತ್ತಿತ್ತು. ಆದರೆ ಹೇಳುತ್ತಿದ್ದದ್ದು ದೊಡ್ಡದು ಚಿಕ್ಕದು ಎಂಬುದರಿಂದ ಅಲ್ಲ. 2.3ಕ್ಕಿಂತ 2.2 ಚಿಕ್ಕದು, ಆದರೆ ನಂಬಿಕೆಗೆ ಅದೇ ಯೋಗ್ಯ.

2003ರ ಡಿಸೆಂಬರ್‌ನಲ್ಲಿ 2.6 ಬಂದ ಮೇಲೆ ಈ ಪದ್ಧತಿಯನ್ನೂ ಬಿಟ್ಟರು. ಏಳು ವರ್ಷಕ್ಕೂ ಹೆಚ್ಚು ಕಾಲ 2.6.1, 2.6.2 ಎನ್ನುತ್ತಾ 2.6.39ರವರೆಗೆ ಹೋಯಿತು. 2011ರ ಜುಲೈನಲ್ಲಿ ಮುಂದಿನದಕ್ಕೆ 3.0 ಎಂದು ಹೆಸರಿಟ್ಟರು. ಅಂಥ ದೊಡ್ಡ ಬದಲಾವಣೆ ಏನಾಯಿತು ಎಂದು ನೀವು ಕೇಳಬಹುದು. ಏನೂ ಆಗಿರಲಿಲ್ಲ. ಲಿನಕ್ಸ್‌ಗೆ ಇಪ್ಪತ್ತು ವರ್ಷ ತುಂಬುತ್ತಿದೆ, ಸಂಖ್ಯೆಗಳೂ ಉದ್ದವಾಗಿವೆ, ಬದಲಾಯಿಸಿದ್ದು ನಂಬರನ್ನು ಮಾತ್ರ ಎಂದು ಟೊರ್ವಾಲ್ಡ್ಸ್ ಅವರೇ ಒಪ್ಪಿಕೊಂಡರು.

ಇದರಿಂದ ಒಂದು ತಮಾಷೆಯೂ ಆಯಿತು. ಕೆಲವು ಹಳೆಯ ಪ್ರೋಗ್ರಾಂಗಳು 2.6 ಎಂದು ಕಂಡರೆ ಮಾತ್ರ ಓಡುತ್ತಿದ್ದವು. 3.0 ಎಂದರೆ ಅವಕ್ಕೆ ಗುರುತೇ ಸಿಗಲಿಲ್ಲ. ಅವುಗಳ ಸಮಾಧಾನಕ್ಕೆ, "ನಾನು 3.0 ಅಲ್ಲಪ್ಪ, 2.6.40" ಎಂದು ಸುಳ್ಳು ಹೇಳುವ ಏರ್ಪಾಡನ್ನೇ ಲಿನಕ್ಸ್ ಒಳಗೆ ಸೇರಿಸಬೇಕಾಯಿತು. ಒಳಗಿನ ಸರಕು ಒಂದೇ, ಹೊರಗಿನ ಚೀಟಿ ಮಾತ್ರ ಎರಡು.

2015ರಲ್ಲಿ 4.0 ಬರುವ ಮುಂಚೆ ಟೊರ್ವಾಲ್ಡ್ಸ್ ಜನರ ಅಭಿಪ್ರಾಯ ಕೇಳಿಯೇ ಸಂಖ್ಯೆ ಬದಲಿಸಿದರು. 2019ರಲ್ಲಿ 5.0, 2022ರಲ್ಲಿ 6.0 ಬಂದವು. ಎಣಿಸಲು ಕೈಕಾಲಿನ ಬೆರಳು ಮುಗಿದಾಗ ಮೊದಲ ಅಂಕಿ ಬದಲಿಸುತ್ತೇನೆ ಎಂಬುದು ಅವರು ಆಗಾಗ ಹೇಳುವ ಚಟಾಕಿ.

ಮಾನಕ್ಕಾಗಿ ಹಾರಿದ ಸಂಖ್ಯೆ

ಲಿನಕ್ಸ್ ಅನ್ನು ಜನರಿಗೆ ಮುಟ್ಟಿಸುವವರು ಬೇರೆ ಬೇರೆ. ಅದರಲ್ಲಿ 1993ರಿಂದ ಇರುವ ಹಳೆಯ ಹೆಸರು ಸ್ಲಾಕ್‌ವೇರ್. ಅದನ್ನು ನಡೆಸುವವರು ಪ್ಯಾಟ್ರಿಕ್ ವೋಲ್ಕರ್ಡಿಂಗ್. 1999ರಲ್ಲಿ ಸ್ಲಾಕ್‌ವೇರ್ 4.0 ಇತ್ತು. ಅದೇ ಹೊತ್ತಿಗೆ ರೆಡ್ ಹ್ಯಾಟ್, ಸೂಸೆ ಮುಂತಾದವು 6ರ ಆಸುಪಾಸಿನಲ್ಲಿದ್ದವು. "ನಿಮ್ಮದು ಇನ್ನೂ 4 ಯಾಕೆ? ಹಿಂದೆ ಬಿದ್ದಿದ್ದೀರಾ?" ಎಂದು ಜನ ಕೇಳುತ್ತಲೇ ಇದ್ದರು. ಒಳಗಿನ ಸರಕು ಬೇರೆಯವರಷ್ಟೇ ಹೊಸದು ಎಂದು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಕೊನೆಗೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಸ್ಲಾಕ್‌ವೇರ್ 7.0 ಬಂತು. ಮಧ್ಯದಲ್ಲಿ 5 ಇಲ್ಲ, 6 ಇಲ್ಲ.

ಇದನ್ನು ಓದಿದಾಗ ನಮಗೆ ನಮ್ಮ ಪ್ರೆಸ್ಸಿನ ಯಜಮಾನರೇ ನೆನಪಾದರು. ಕೇಳುವವರು ಸಂಖ್ಯೆ ನೋಡಿ ಅಳೆಯುತ್ತಾರೆ ಎಂದು ಗೊತ್ತಾದರೆ, ಮಾಡುವವರು ಸಂಖ್ಯೆಯನ್ನೇ ಏರಿಸುತ್ತಾರೆ.

ಡೆಬಿಯನ್ ಎಂಬ ಇನ್ನೊಂದು ಬಳಗದ ಕಥೆ ಇದಕ್ಕೆ ತಿರುಗುಮುರುಗು. ಡೆಬಿಯನ್‌ಗೆ 1.0 ಎಂಬ ಆವೃತ್ತಿಯೇ ಇಲ್ಲ. 1995ರ ಕೊನೆಯಲ್ಲಿ ಒಂದು ಸಿ.ಡಿ. ಮಾರುವ ಕಂಪನಿ, ಇನ್ನೂ ತಯಾರಿಯಲ್ಲಿದ್ದ ಅರೆಬೆಂದ ಆವೃತ್ತಿಯನ್ನೇ ತಪ್ಪಾಗಿ 1.0 ಎಂದು ಅಚ್ಚು ಹಾಕಿ ಮಾರಿಬಿಟ್ಟಿತು. ಆ ಕೆಟ್ಟ ಸಿ.ಡಿ. ಜೊತೆ ತಮ್ಮ ನಿಜವಾದ ಆವೃತ್ತಿ ಗೊಂದಲವಾಗಬಾರದೆಂದು ಬಳಗದವರು 1.0 ಎಂಬ ಸಂಖ್ಯೆಯನ್ನೇ ಬಿಟ್ಟು, 1996ರ ಜೂನ್‌ನಲ್ಲಿ 1.1 ಹೊರತಂದರು.

ಫೈರ್‌ಫಾಕ್ಸ್ ಬ್ರೌಸರ್‌ನ ಲೆಕ್ಕ ನೋಡಿ. 1.0 ಬಂದದ್ದು 2004ರ ನವೆಂಬರ್‌ನಲ್ಲಿ. 4 ಬಂದದ್ದು 2011ರ ಮಾರ್ಚ್‌ನಲ್ಲಿ. ಆರು ವರ್ಷಕ್ಕೂ ಹೆಚ್ಚು. ಅಲ್ಲಿಂದ ಅವರು ಆರಾರು ವಾರಕ್ಕೆ ಹೊಸದು ಬಿಡುವ ಪದ್ಧತಿಗೆ ಬಂದರು. ಅದೇ 2011ರ ಡಿಸೆಂಬರ್ ಹೊತ್ತಿಗೆ 9 ಆಗಿಹೋಯಿತು. ಒಂಬತ್ತು ತಿಂಗಳಲ್ಲಿ ಐದು ಸಂಖ್ಯೆ. ಹಾಗೆಂದು ಬ್ರೌಸರ್ ದುಪ್ಪಟ್ಟು ಒಳ್ಳೆಯದಾಯಿತು ಎಂದು ಹೇಳಲಾಗುವುದಿಲ್ಲ. ಎಣಿಸುವ ಪದ್ಧತಿ ಬದಲಾಯಿತು, ಅಷ್ಟೇ.

ಲಿಬ್ರೆ ಆಫೀಸ್ ಇನ್ನೂ ಒಂದು ಹೆಜ್ಜೆ ಮುಂದೆ. 2010ರಲ್ಲಿ ಓಪನ್ ಆಫೀಸ್‌ನಿಂದ ಪಾಲಾಗಿ ಹೊರಬಂದ ಆ ಬಳಗದ ಮೊದಲ ಬಿಡುಗಡೆಯೇ 3.3. ಅಣ್ಣತಮ್ಮಂದಿರು ಬೇರೆಯಾದಾಗ ಮನೆಯ ವಯಸ್ಸನ್ನೂ ಹಂಚಿಕೊಂಡ ಹಾಗೆ. 2023ರಲ್ಲಿ 7.6 ಇದ್ದದ್ದು, 2024ರ ಶುರುವಿನಲ್ಲಿ 24.2 ಆಯಿತು. 24 ಎಂದರೆ ಇಸವಿ, 2 ಎಂದರೆ ಫೆಬ್ರವರಿ. ಉಬುಂಟು 2004ರ ಅಕ್ಟೋಬರ್‌ನಲ್ಲಿ 4.10 ಎಂದು ಶುರು ಮಾಡಿದ್ದೂ ಇದೇ ಲೆಕ್ಕದಲ್ಲಿ. ಇವರು ಗುಣದ ಗೊಡವೆಗೇ ಹೋಗದೆ ಹುಟ್ಟಿದ ದಿನವನ್ನು ಬರೆದುಬಿಡುತ್ತಾರೆ. ನಮಗೆ ಇದು ಪ್ರಾಮಾಣಿಕ ಅನ್ನಿಸಿತು.

ದೊಡ್ಡ ಸಂಖ್ಯೆ, ಅರೆಬೆಂದ ಅಡುಗೆ

ಲಿನಕ್ಸ್ ಗಣಕಗಳಲ್ಲಿ ಪರದೆಯ ಮೇಲಿನ ಕಿಟಕಿ, ಮೆನು, ಚಿತ್ರಗಳನ್ನು ನೋಡಿಕೊಳ್ಳುವ ತಂತ್ರಾಂಶಗಳಲ್ಲಿ ಕೆಡಿಇ ಒಂದು. ಅದರ 3.5 ಆವೃತ್ತಿ ಬಹಳ ಜನಕ್ಕೆ ಹಿಡಿಸಿತ್ತು. 2008ರ ಜನವರಿಯಲ್ಲಿ 4.0 ಬಂತು. ಬರೆದವರು ಇದು ಎಲ್ಲರ ದಿನಬಳಕೆಗಲ್ಲ, ಮುಂದಿನ ಕೆಲಸಕ್ಕೆ ಅಡಿಪಾಯ ಎಂದು ಹೇಳಿದ್ದರು. ಆದರೆ 4.0 ಎಂಬ ಹಣೆಪಟ್ಟಿ ನೋಡಿದ ಜನ ಆ ಮಾತು ಕೇಳಿಸಿಕೊಳ್ಳಲಿಲ್ಲ. ಹಾಕಿಕೊಂಡರು. ಹಿಂದೆ ಇದ್ದ ಸೌಲಭ್ಯಗಳು ಕಾಣೆಯಾಗಿದ್ದವು, ಆಗಾಗ ಕುಸಿದುಬೀಳುತ್ತಿತ್ತು. ಟೊರ್ವಾಲ್ಡ್ಸ್ ಕೂಡ ಕೆಡಿಇ ಬಿಟ್ಟು ಬೇರೆಯದಕ್ಕೆ ಹೋದೆ ಎಂದು ಬಹಿರಂಗವಾಗಿ ಹೇಳಿದರು. ಮುಂದಿನ ಆವೃತ್ತಿಗಳಲ್ಲಿ ಅದು ಸುಧಾರಿಸಿತು. ಆದರೆ 4.0ಕ್ಕಿಂತ 3.5 ಗಟ್ಟಿ ಎಂಬ ಮಾತು ಬಹಳ ದಿನ ಉಳಿಯಿತು.

ಇನ್ನೊಂದು ತುದಿಯಲ್ಲಿ ವೈನ್ ಎಂಬ ತಂತ್ರಾಂಶ ಇದೆ. ವಿಂಡೋಸ್‌ಗೆಂದು ಬರೆದ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವುದು ಅದರ ಕೆಲಸ. 1993ರಲ್ಲಿ ಶುರುವಾದದ್ದು 1.0 ಎನ್ನಿಸಿಕೊಂಡದ್ದು 2008ರ ಜೂನ್‌ನಲ್ಲಿ. ಹದಿನೈದು ವರ್ಷ! ಅಷ್ಟು ವರ್ಷವೂ ಜನ ಅದನ್ನು ಬಳಸುತ್ತಲೇ ಇದ್ದರು. ನಮ್ಮ ಇಂಕ್‌ಸ್ಕೇಪ್ ಕೂಡ ಹಾಗೆಯೇ. 2003ರಲ್ಲಿ ಹುಟ್ಟಿ, 1.0 ಆದದ್ದು 2020ರ ಮೇ ತಿಂಗಳಲ್ಲಿ. ಪ್ರೆಸ್ಸಿನಲ್ಲಿ ನಾವು ತಲೆತಗ್ಗಿಸಿ ನಿಂತ ದಿನ ಅದಕ್ಕೆ ಹದಿನೈದು ತುಂಬುತ್ತಿತ್ತು. ಮಾಡಿದವರು ಸಂಕೋಚದ ಜನ, ಪೂರ್ತಿ ಆಯಿತು ಎಂದು ಹೇಳಿಕೊಳ್ಳಲು ಮನಸ್ಸು ಬರಲಿಲ್ಲ.

ಸಂಕೋಚದಲ್ಲಿ ಎಲ್ಲರನ್ನೂ ಮೀರಿಸಿದವರು ಅಮೆರಿಕದ ಡೊನಾಲ್ಡ್ ಕನೂತ್. ಗಣಿತದ ಪುಸ್ತಕಗಳನ್ನು ಅಚ್ಚುಕಟ್ಟಾಗಿ ಮುದ್ರಿಸಲು ಅವರು ಬರೆದ ಟೆಕ್ ಎಂಬ ತಂತ್ರಾಂಶದ ಆವೃತ್ತಿ 3, ಆಮೇಲೆ 3.1, ಆಮೇಲೆ 3.14, ಹೀಗೆ ಶಾಲೆಯಲ್ಲಿ ನಾವು ಕಲಿತ ಪೈ ಸಂಖ್ಯೆಯ ಕಡೆಗೆ ಒಂದೊಂದೇ ಅಂಕಿ ಸೇರಿಸಿಕೊಂಡು ನಡೆಯುತ್ತದೆ. 2021ರಲ್ಲಿ ಅದು 3.141592653. ಇಲ್ಲಿ ಸಂಖ್ಯೆ ದೊಡ್ಡದಾಗುವುದೇ ಇಲ್ಲ, ಉದ್ದ ಆಗುತ್ತದೆ. ತಮ್ಮ ಪುಸ್ತಕಗಳಲ್ಲಿ ತಪ್ಪು ಹುಡುಕಿಕೊಟ್ಟವರಿಗೆ ಕನೂತ್ 2008ರವರೆಗೆ 2.56 ಡಾಲರ್‌ನ ಚೆಕ್ ಬರೆದುಕೊಡುತ್ತಿದ್ದರು. ತಾನು ಸತ್ತ ಮೇಲೆ ಆವೃತ್ತಿ ಸಂಖ್ಯೆಯನ್ನು ಪೈ ಎಂದೇ ಬರೆಯಿರಿ, ಆಮೇಲೆ ಯಾರೂ ಏನನ್ನೂ ತಿದ್ದಬೇಡಿ ಎಂದು ಅವರು ಹೇಳಿದ್ದಾರೆ.

ಹೊಸದರಲ್ಲೇ ಇದ್ದ ಹುಳು

ಇಲ್ಲಿಯವರೆಗಿನದು ತಮಾಷೆಯ ಕಥೆ. ಇನ್ನು ಎರಡು ಕಥೆ ತಮಾಷೆಯವಲ್ಲ.

ನೀವು ಫೋನಿನಲ್ಲಿ ಬ್ಯಾಂಕಿನ ಪುಟ ತೆರೆದಾಗ ಪಾಸ್‌ವರ್ಡ್ ಬೇರೆಯವರಿಗೆ ಕಾಣದಂತೆ ಗುಪ್ತಲಿಪಿಯಲ್ಲಿ ಹೋಗುತ್ತದೆ. ಈ ಕೆಲಸ ಮಾಡುವ ಮುಕ್ತ ತಂತ್ರಾಂಶಗಳಲ್ಲಿ ಓಪನ್ ಎಸ್‌ಎಸ್‌ಎಲ್ ಬಹಳ ದೊಡ್ಡ ಹೆಸರು. ಅದು 2010ರವರೆಗೂ 0.9ರಲ್ಲೇ ಇತ್ತು. ಜಗತ್ತಿನ ವ್ಯಾಪಾರದ ಬೀಗದ ಕೈಯನ್ನು ಸೊನ್ನೆಯಿಂದ ಶುರುವಾಗುವ ತಂತ್ರಾಂಶ ಹಿಡಿದುಕೊಂಡಿತ್ತು! 2012ರ ಮಾರ್ಚ್‌ನಲ್ಲಿ 1.0.1 ಬಂತು. ಅದರಲ್ಲಿ ಹೊಸ ಸೌಲಭ್ಯ ಒಂದಿತ್ತು. "ಇದ್ದೀಯಾ?" ಎಂದು ಒಂದು ಗಣಕ ಕೇಳಿ ಒಂದು ಪದ ಕಳಿಸಿದರೆ, "ಇದ್ದೀನಿ" ಎಂದು ಇನ್ನೊಂದು ಗಣಕ ಅದೇ ಪದವನ್ನು ಹಿಂದಕ್ಕೆ ಕಳಿಸಬೇಕು. ಆದರೆ ಕೇಳುವವನು ಮೂರಕ್ಷರದ ಪದ ಕೊಟ್ಟು "ಇದು ಸಾವಿರಾರು ಅಕ್ಷರದ ಪದ" ಎಂದು ಸುಳ್ಳು ಹೇಳಿದರೆ ಅದನ್ನು ಪರೀಕ್ಷಿಸುವ ಸಾಲು ಬರೆಯುವುದು ಮರೆತುಹೋಗಿತ್ತು. ಸರ್ವರ್ ತನ್ನ ನೆನಪಿನಲ್ಲಿದ್ದ ಬೇರೆಯವರ ಗುಟ್ಟನ್ನೂ ಸೇರಿಸಿ ಕೊಟ್ಟುಬಿಡುತ್ತಿತ್ತು. 2014ರ ಏಪ್ರಿಲ್ 7ರಂದು ಇದು ಬಯಲಾಯಿತು. ಹಾರ್ಟ್‌ಬ್ಲೀಡ್ ಎಂದು ಹೆಸರಿಟ್ಟರು.

1.0.1ರಿಂದ 1.0.1ಎಫ್ ತನಕ ಎಲ್ಲಕ್ಕೂ ಈ ರೋಗ ಇತ್ತು. ಹಳೆಯ 0.9.8 ಇಟ್ಟುಕೊಂಡಿದ್ದವರಿಗೆ ಇರಲಿಲ್ಲ. ಹೊಸ ಸಂಖ್ಯೆಗೆ ಹೋದವರೇ ಸಿಕ್ಕಿಬಿದ್ದರು. ಇನ್ನೊಂದು ಸಂಗತಿ ಆಮೇಲೆ ಎಲ್ಲರ ಗಮನಕ್ಕೆ ಬಂತು. ಇಡೀ ಜಗತ್ತು ಬಳಸುತ್ತಿದ್ದ ಆ ತಂತ್ರಾಂಶಕ್ಕೆ ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ, ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2 ಸಾವಿರ ಡಾಲರ್. ಊರಿಗೆಲ್ಲ ನೀರು ಕೊಡುವ ಕೆರೆಯ ತೂಬಿಗೆ ಒಬ್ಬನೇ ನೀರುಗಂಟಿ, ಅವನಿಗೂ ಅರ್ಧ ಕೂಲಿ.

ಹತ್ತು ವರ್ಷದ ಮೇಲೆ, 2024ರಲ್ಲಿ, ಎಕ್ಸ್‌ಝಡ್ ಎಂಬ ಫೈಲು ಕುಗ್ಗಿಸುವ ತಂತ್ರಾಂಶದಲ್ಲಿ ಇದಕ್ಕಿಂತ ಕೆಟ್ಟದು ಆಯಿತು. ಅಲ್ಲಿಯೂ ಬಹುಕಾಲ ಒಬ್ಬರೇ ನೋಡಿಕೊಳ್ಳುತ್ತಿದ್ದರು, ದಣಿದಿದ್ದರು. ಸಹಾಯಕ್ಕೆಂದು ಬಂದು ವರ್ಷಗಟ್ಟಲೆ ನಂಬಿಕೆ ಗಳಿಸಿದ ಒಬ್ಬರು 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಬೇಕೆಂದೇ ಕಳ್ಳಬಾಗಿಲು ಇಟ್ಟರು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ಗೆ ತಮ್ಮ ಗಣಕಕ್ಕೆ ಲಾಗಿನ್ ಆಗುವುದು ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಅನುಮಾನ ಬಂದು, ಕೆದಕಿ ಕೆದಕಿ ಮಾರ್ಚ್ 29ರಂದು ಅದನ್ನು ಬಯಲಿಗೆ ತಂದರು. ಕೋಡ್ ಎಲ್ಲರಿಗೂ ಕಾಣುವಂತೆ ಇದ್ದದ್ದರಿಂದಲೇ ಅವರು ಕೆದಕಲು ಸಾಧ್ಯವಾಯಿತು. ಹಳೆಯ 5.4 ಇಟ್ಟುಕೊಂಡಿದ್ದ ಸ್ಥಿರ ಡೆಬಿಯನ್ ಗಣಕಗಳು ಸುರಕ್ಷಿತವಾಗಿದ್ದವು.

ಪ್ರಯೋಗದ ಆವೃತ್ತಿ ಹಾಕಿಕೊಂಡವರನ್ನು ಹಿಂದಕ್ಕೆ ತರಬೇಕಿತ್ತು. ಆದರೆ ಗಣಕ ಚಿಕ್ಕ ಸಂಖ್ಯೆಯನ್ನು ಹೊಸದೆಂದು ಒಪ್ಪುವುದಿಲ್ಲ. ಡೆಬಿಯನ್ ಬಳಗದವರು ಪ್ಯಾಕೇಜಿಗೆ "5.6.1, ನಿಜವಾಗಿ 5.4.5" ಎಂಬ ಅರ್ಥ ಬರುವ ಹೆಸರಿಟ್ಟು ಕಳಿಸಿದರು. ಹೊರಗೆ ಒಂದು ಸಂಖ್ಯೆ, ಒಳಗೆ ಇನ್ನೊಂದು, ಎರಡನ್ನೂ ಚೀಟಿಯ ಮೇಲೆಯೇ ಬರೆದರು.

ಹಾಗಾದರೆ ಏನು ನೋಡಬೇಕು?

ಸಂಖ್ಯೆ ಪೂರ್ತಿ ದಂಡ ಎಂದು ನಾವು ಹೇಳುವುದಿಲ್ಲ. ಬಹಳ ಬಳಗಗಳು ಇಂದು ಪಾಲಿಸುವ ಕಟ್ಟಳೆ ಹೀಗಿದೆ: ಮೂರು ಅಂಕಿಗಳಲ್ಲಿ ಮೊದಲನೆಯದು ಬದಲಾದರೆ ಹಳೆಯದರ ಜೊತೆ ಹೊಂದಿಕೊಳ್ಳದಿರಬಹುದು. ಎರಡನೆಯದು ಬದಲಾದರೆ ಹೊಸ ಸೌಲಭ್ಯ ಬಂದಿದೆ. ಮೂರನೆಯದು ಬದಲಾದರೆ ರಿಪೇರಿ ಆಗಿದೆ. ಇದು ಏನು ಬದಲಾಯಿತು ಎಂದು ಹೇಳುವ ಸೂಚನೆ. ಪರೀಕ್ಷೆಯ ಅಂಕ ಅಲ್ಲ.

ನಮ್ಮ ಕಡೆಯ ಹೋಲಿಕೆ ಹೇಳುವುದಾದರೆ ರಾಗಿ ತಳಿ ನೋಡಿ. ಜಿಪಿಯು-28 ಇದೆ, ಎಂಎಲ್-365 ಇದೆ. 365 ದೊಡ್ಡದು, ಅದಕ್ಕೇ 28ಕ್ಕಿಂತ ಹದಿಮೂರು ಪಟ್ಟು ಒಳ್ಳೆಯ ರಾಗಿ ಎಂದು ಯಾವ ರೈತನೂ ಹೇಳುವುದಿಲ್ಲ. ನಮ್ಮ ಹೊಲಕ್ಕೆ ಒಗ್ಗುತ್ತದೆಯೇ, ಬೆಂಕಿ ರೋಗ ತಡೆಯುತ್ತದೆಯೇ, ಎಷ್ಟು ದಿನಕ್ಕೆ ಕಟಾವಿಗೆ ಬರುತ್ತದೆ ಎಂದು ಕೇಳುತ್ತಾರೆ. ಬೀಜಕ್ಕೆ ಕೇಳುವ ಪ್ರಶ್ನೆಯನ್ನೇ ತಂತ್ರಾಂಶಕ್ಕೂ ಕೇಳಬೇಕು. ಇದನ್ನು ಯಾರು ನೋಡಿಕೊಳ್ಳುತ್ತಿದ್ದಾರೆ? ಕೊನೆಯ ರಿಪೇರಿ ಯಾವಾಗ ಆಯಿತು? ತಪ್ಪು ಸಿಕ್ಕಾಗ ಒಪ್ಪಿಕೊಂಡು ತಿದ್ದುತ್ತಾರೆಯೇ?

ಈಗ ನಿಮ್ಮ ಫೋನ್ ತೆಗೆಯಿರಿ. ಆಂಡ್ರಾಯ್ಡ್ ಆಗಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ, ಅಬೌಟ್ ಫೋನ್ ಒಳಗೆ ಕರ್ನಲ್ ವರ್ಷನ್ ಹುಡುಕಿ. ಅಲ್ಲಿ ಕಾಣುವುದು ಆ ಹೆಲ್ಸಿಂಕಿ ಹುಡುಗ ಶುರು ಮಾಡಿದ ಲಿನಕ್ಸ್‌ನ ಸಂಖ್ಯೆ. 4.19 ಎಂದು ಶುರುವಾಗುತ್ತಿದ್ದರೆ ಅದು 2018ರ ಅಕ್ಟೋಬರ್‌ನದು. ಅದಕ್ಕೆ 2024ರ ಡಿಸೆಂಬರ್‌ವರೆಗೆ ರಿಪೇರಿ ನಡೆಯಿತು, ಮೂರನೆಯ ಅಂಕಿ 300 ದಾಟಿತು. ನಿಮ್ಮ ಫೋನಿನಲ್ಲಿ ಆ ಮೂರನೆಯ ಅಂಕಿ ತೀರಾ ಚಿಕ್ಕದಿದ್ದರೆ, ಬಳಗದವರು ಮಾಡಿದ ರಿಪೇರಿಯಲ್ಲಿ ಬಹಳಷ್ಟು ನಿಮ್ಮನ್ನು ತಲುಪಿಲ್ಲ ಎಂದು ಅನುಮಾನಿಸಬಹುದು. ಅದೇ ಪುಟದ ಆಸುಪಾಸಿನಲ್ಲಿ ಸೆಕ್ಯುರಿಟಿ ಪ್ಯಾಚ್ ಎಂಬ ದಿನಾಂಕವೂ ಇರುತ್ತದೆ. ಫೋನ್ ಅಂಗಡಿಯಲ್ಲಿ ಆಂಡ್ರಾಯ್ಡ್ ಎಷ್ಟನೆಯದು ಎಂದು ಕೇಳುವುದರ ಜೊತೆಗೆ, ಎಷ್ಟು ವರ್ಷ ಈ ಪ್ಯಾಚ್ ಬರುತ್ತದೆ ಎಂದೂ ಕೇಳಿ. ಬ್ಯಾಂಕಿನ ದುಡ್ಡು ಅದೇ ಫೋನಿನಲ್ಲಿದೆ.

ಇದೇ ಕಾರಣಕ್ಕೆ ಇನ್ನೊಂದು ಮಾತು. "ನಿಮ್ಮ ಆಪ್ ಹಳೆಯದಾಗಿದೆ, ಈ ಹೊಸ ವರ್ಷನ್ ಹಾಕಿಕೊಳ್ಳಿ" ಎಂದು ವಾಟ್ಸಾಪ್‌ನಲ್ಲಿ ಯಾರಾದರೂ ಫೈಲು ಕಳಿಸಿದರೆ, ಅದರ ಮೇಲಿನ ಸಂಖ್ಯೆ ಎಷ್ಟೇ ದೊಡ್ಡದಿರಲಿ, ಮುಟ್ಟಬೇಡಿ. ಸಂಖ್ಯೆಯನ್ನು ಯಾರು ಬೇಕಾದರೂ ಬರೆಯಬಹುದು. ಅಪ್‌ಡೇಟ್ ಬೇಕಿದ್ದರೆ ಪ್ಲೇ ಸ್ಟೋರ್‌ಗೆ ನೀವೇ ಹೋಗಿ ನೋಡಿ.

ಇಂಕ್‌ಸ್ಕೇಪ್ 1.0 ಆದ ಮೇಲೆ ನಾವು ಮತ್ತೆ ಅದೇ ಪ್ರೆಸ್ಸಿಗೆ ಹೋಗಿದ್ದೆವು. ಯಜಮಾನರು ಪರದೆ ನೋಡಿ, "ಈಗ ಪರವಾಗಿಲ್ಲ ಬಿಡ್ರಪ್ಪ, ಒಂದಾಯ್ತು" ಎಂದು ನಕ್ಕರು. ಆ ಸಲದ ಕರಪತ್ರದಲ್ಲಿ ತೇರಿನ ಚಿತ್ರ 0.92ರಲ್ಲಿ ಬರೆದಿದ್ದ ಹಳೆಯದೇ ಎಂದು ನಾವು ಹೇಳಲಿಲ್ಲ.